ಹನಿ ಕೂಲಿ

ನಮ್ಮ ಸಾಹೇಬನ ಹೆಸರು ಮಕರಂದ.
ಅವನ ಕೈಕೆಳಗಿನ ಹುಡುಗ ಪರಾಗ.
ಮರಾಠ್ಯಾಗ ಇವು ಗಂಡಸರ ಹೆಸರು,
ಸೋಲಾಪುರದಿಂದ ಮೋಟರ್‌ಸೈಕಲ್ ಮ್ಯಾಲೆ ಬರ್ತಾವ.
ನಾ ಏಳನೇ ಇಯತ್ತೆ ತನಕ ಕಲಿತ ಕನ್ನಡ ಸಾಲ್ಯಾಗ
ಮಕರಂದ ಅಂದ್ರ ಹೂವಿನ ತಳದಾಗಿನ ಸಿಹಿ ನೀರು,
ಪರಾಗ ಅಂದ್ರ ಕೈಗೆ ಹತ್ತೋ ಹಳದಿ ಹಿಟ್ಟು.
ಸುಗಲಾಬಾಯಿಗೆ ಇದನ್ನ ಹೇಳಿದ ದಿನ
ಬದುವಿನ ಮ್ಯಾಲೆ ಕುಂತು ನಕ್ಕಳು, ಕೆಮ್ಮು ಬರೋ ಹಂಗ.

ದುಧನಿ ದಾಟಿ ಎರಡು ಮೈಲು, ರೈಲಿನ ಹಳಿ ಬಾಜೂಕ
ಕಂಪನಿ ಬೀಜದ ಸೂರ್ಯಕಾಂತಿ ಹೊಲ.
ಮೂರು ಸಾಲು ಹೆಣ್ಣು, ಒಂದು ಸಾಲು ಗಂಡು.
ಹೆಣ್ಣಿನ ಸಾಲಿಗೆ ಹಿಟ್ಟಿಲ್ಲ,
ಹಂಗ ಹುಟ್ಟಿಸ್ಯಾರ ಅದನ್ನ, ಯಾವುದೋ ಊರಾಗ.
ಮಂಜು ಆರಿದ ಮ್ಯಾಲೆ, ಎಂಟರಿಂದ ಹನ್ನೊಂದರ ತನಕ,
ಗಂಡು ಹೂವಿನ ಮಾರಿಗೆ ಅರಿವಿ ಒತ್ತಬೇಕು,
ಅದೇ ಅರಿವೀಲೆ ಹೆಣ್ಣು ಹೂವಿನ ಮಾರಿ ಒರೆಸಬೇಕು
ಮೆಲ್ಲಗ, ಜ್ವರ ಬಂದ ಕೂಸಿನ ಮಾರಿ ಒರೆಸಿದಂಗ.
ಇಷ್ಟ ಕೆಲಸ. ತಾಸಿನ ಲೆಕ್ಕ. ಶನಿವಾರ ಪಗಾರ.

ನನ್ನ ಅರಿವಿ ಹಳೇ ಧೋತರದ್ದು.
ಜಗದೇವಿದು ಆಕಿ ಗಂಡನ ಹರಕ ಬನಿಯನ್.
ಸುಗಲಾಬಾಯಿ ಮಾತ್ರ ಬರೇ ಅಂಗೈಲೆ ಒರೆಸ್ತಾಳ,
"ಅರಿವಿಗೇನು ತಿಳಿತದ ಬಿಡು," ಅಂತಾಳ.
ಆಕಿ ಅಂಗೈ ದೀಪಾವಳಿಯಿಂದ ಎಳ್ಳಮಾಸಿ ತನಕ ಹಳದಿ,
ರೊಟ್ಟಿ ಬಡಿದರ ರೊಟ್ಟಿಗೂ ಬಣ್ಣ.

ಜೇನು ಇರಲೇ ಇಲ್ಲ ಅಂತಲ್ಲ.
ಹಳಿ ಆಚಿ ತೊಗರಿಗೆ ಔಷಧ ಹೊಡೆದ ವಾರ
ಬದುವಿನ ತುಂಬ ಬಿದ್ದಿದ್ವು,
ಕಾಲಾಗಿನ ಹಳದಿ ಗಂಟು ಬಿಚ್ಚದೆ,
ಸಂತಿ ಮುಗಿಸಿ ದಾರ್‍ಯಾಗ ಮಲಗಿದವರಂಗ.
ಆಮ್ಯಾಲೆ ನಮಗ ಕೆಲಸ ಸಿಕ್ತು.
ಇದನ್ನ ನಾವು ಜೋರಾಗಿ ಆಡಂಗಿಲ್ಲ.

ಒಂದಿನ ಮಕರಂದ ಸಾಹೇಬ ಬಗ್ಗಿ ತೋರಿಸಿದ:
ಇದು ಒಂದು ಹೂವಲ್ಲ,
ಸಾವಿರ ಸಣ್ಣ ಹೂ, ಒಂದೊಂದಕ್ಕೂ ಒಂದು ತಳ,
ತಳದಾಗ ಸೂಜಿ ಮೊನಿಯಷ್ಟು ಸಿಹಿ.
ಹಿಟ್ಟು ಬೇಕಾದ ಜೇನು ಗಂಡು ಸಾಲು ಬಿಟ್ಟು ಕದಲಂಗಿಲ್ಲ.
ಸಿಹಿ ಬೇಕಾದದ್ದು ಸಾಲು ದಾಟ್ತದ,
ದಾಟಿದಾಗ ಮೈಗೆ ಹತ್ತಿದ್ದು ಉದುರ್ತದ
ಅದರ ಖಬರಿಲ್ಲದಂಗ.
"ಹೆಣ್ಣಿನ ಹತ್ರ ಕೊಡಾಕ ಅದೊಂದೇ ಅದ," ಅಂದ.

ಅವ ಅತ್ತ ಹೋದಮ್ಯಾಲೆ ನಾನು
ಒಂದು ಸಣ್ಣ ಹೂ ಕಿತ್ತು ತಳ ಚೀಪಿದೆ.
ಏನೂ ಇಲ್ಲ. ಇನ್ನೊಂದು. ಇನ್ನೊಂದು.
ಏಳನೇದೋ ಎಂಟನೇದೋ, ನಾಲಿಗಿ ತುದಿಗೆ
ಯಾರೋ ಬೆಲ್ಲ ಅಂತ ಹೆಸರು ಹೇಳಿ ಸುಮ್ಮನಾದಂಗಾತು.
ಇಷ್ಟಕ್ಕ ಅದು ಅಷ್ಟು ದೂರದಿಂದ ಬರ್ತದೇನು?
"ಆಗಿನ ಪಗಾರ ಆಗ ಕೈಗೆ ಬರೋದಿದ್ರ
ನಾನೂ ಬರ್ತಿದ್ದೆ," ಅಂದಳು ಸುಗಲಾಬಾಯಿ.

ಮುಂದಿನ ವರ್ಷ, ಕೆಲಸ ಹಿಡಿದ ಮೂರನೇ ರಾತ್ರಿ,
ಲಾರಿ ಬಂತು. ನೀಲಿ ಬಣ್ಣದ ನಲವತ್ತು ಪೆಟ್ಟಿಗಿ.
ಬೆಳಗ್ಗೆ ಹೊಲದಾಗ ಒಂದು ಸದ್ದು,
ದೂರದಾಗೇ ನಿಂತು ಹತ್ರ ಬಾರದ ರೈಲಿನಂಗ.
ಪರಾಗ ವಹಿ ಮುಚ್ಚಿದ. "ಮೌಶಿ, ನಾಳಿಯಿಂದ ಬರಬ್ಯಾಡ್ರಿ."
ಬದುವಿನ ಮ್ಯಾಲೆ ನಿಂತು ನೋಡಿದಿವಿ:
ನಮ್ಮ ಸಾಲು, ನಾವು ಒರೆಸೋ ಮಾರಿ,
ಯಾರ್‍ಯಾರೋ ಒರೆಸಾಕ ಹತ್ಯಾರ.
ಜಗದೇವಿ ಪೆಟ್ಟಿಗಿ ಕಡೆ ಒಂದು ಹೆಂಟಿ ಎತ್ತಿದಳು.
ಸುಗಲಾಬಾಯಿ ಆಕಿ ಮಣಿಕಟ್ಟು ಹಿಡಿದಳು.
"ಬಿಡವ್ವ. ಅವೂ ಬಾಡಿಗಿಗೆ ಬಂದಾವ."

ಮನಿಗೆ ಬಂದು ಅರಿವಿ ಒಗೀಲಿಲ್ಲ ನಾನು,
ಹಿಟ್ಟಿನ ಸಮೇತ ತಂತಿ ಮ್ಯಾಲೆ ಹಾಕಿದೆ.
ಮಧ್ಯಾಹ್ನ ಒಂದು ಜೇನು ಬಂತು.
ಅರಿವಿ ಮ್ಯಾಲೆ ಅಡ್ಡಾಡಿತು, ಕಾಲು ಉಜ್ಜಿತು,
ನನ್ನ ಮೂರು ದಿನದ ದುಡಿಮಿ ಗಂಟು ಕಟ್ಟಿಕೊಂಡಿತು.
ಆಮ್ಯಾಲೆ ತಳ ಹುಡುಕಿತು.
ಧೋತರಕ್ಕ ಎಲ್ಲಿ ತಳ?

ಸುಮ್ಮನಿರಾಕ ಆಗಲಿಲ್ಲ ನನಗ.
ಒಳಗ ಹೋಗಿ ಬೆಲ್ಲ ಕಲಸಿದ ನೀರು ತಂದು
ಬೆರಳಿಲೆ ಅರಿವಿ ಅಂಚಿಗೆ ಒಂದು ಹನಿ ಹಚ್ಚಿದೆ.
ಅಷ್ಟರಾಗ ಅದು ಹಾರಿತ್ತು.

ಸಂಜಿ ತನಕ ಹೊಸ್ತಿಲದಾಗ ಕುಂತೆ.
ಬರಲಿಲ್ಲ.
ಇರುವಿ ಬಂದ್ವು.